ನಾನೇ ಬರೆದುಕೊಟ್ಟ ಎರಡುಗಳು

ಆರು ಕೀಮೊ ಆಗಬೇಕಿತ್ತು. ಮೂರನೆಯದು ಮುಗಿಸಿಕೊಂಡು ಬಂದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನನ್ನ ತಮ್ಮನ ಹೆಂಡತಿ ಬೆಂಚಿನ ಮೇಲೆ ಕೂತು, "ಸಾಕ್ರಿ ಭಾವಾರ. ನಾ ಇನ್ನ ಬರೂದಿಲ್ಲ" ಅಂದಳು. ಅರ್ಧಕ್ಕೆ ಬಿಟ್ಟರೆ ರೋಗ ಮರಳಿ ಬರುತ್ತದೆ ಎಂದು ಡಾಕ್ಟರಮ್ಮ ಮೊದಲ ದಿನವೇ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದ್ದರು. ಅದು ನನಗೂ ನೆನಪಿತ್ತು, ಆಕೆಗೂ ನೆನಪಿತ್ತು. ಆದರೂ ಒಲ್ಲೆ ಅಂದಳು. ಅದಕ್ಕೆ ಕಾರಣ ಮೂರು ಹಾಳೆಗಳು, ಮತ್ತು ಆ ಹಾಳೆಗಳನ್ನು ತುಂಬಿಕೊಟ್ಟ ಒಬ್ಬ ಮಹಾಮೇಧಾವಿ. ಆ ಮಹಾಶಯರ ಅಕ್ಷರ ಬಹಳ ದುಂಡಗೆ. ಸುರಪುರದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಈಗ ಇದನ್ನು ಬರೆಯುತ್ತಿರುವವರೂ ಅವರೇ.

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಎರಡು ತಿಂಗಳು ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಸಿಟ್ಟಿನೊಂದಿಗೇ ಬರೆಯುತ್ತೇನೆ.

ನನ್ನ ತಮ್ಮ ಡಾಕ್ಟರಿಕೆ ಕಲಿಯಲು ರಷ್ಯಾದ ಕಡೆ ಹೋದಾಗ ಅದೆಲ್ಲ ಒಂದೇ ದೇಶವಾಗಿತ್ತು. ಏಳು ವರ್ಷದ ಮೇಲೆ ಒಂದು ಡಿಗ್ರಿ, ಒಂದು ಕರಿ ಕೋಟು ಮತ್ತು ಈ ಹೆಂಡತಿಯನ್ನು ಕರೆದುಕೊಂಡು ಶಹಾಪುರಕ್ಕೆ ಬಂದ. ಕೋಟನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಆಕೆಯ ಊರು ಈಗ ಬೇರೆಯದೇ ದೇಶದಲ್ಲಿದೆಯಂತೆ, ಮನೆಮಾತು ಮಾತ್ರ ರಷ್ಯನ್. "ನಾ ರಷ್ಯಾದಾಕಿ ಅಲ್ಲ" ಎಂದು ಆಕೆ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ, "ರಷ್ಯಾದಾಕಿ ಏನಂತಾಳ" ಎಂದು ಓಣಿಯವರು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಮದುವೆಗೆ ಮುಂಚೆ ಅಲ್ಲಿ ಎರಡು ವರ್ಷ ಸಣ್ಣ ಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ್ದಳು. ಇಲ್ಲಿ ತಮ್ಮನ ದವಾಖಾನೆಯಲ್ಲಿ ಔಷಧದ ಕಿಟಕಿಗೆ ಕೂತಳು. ಕನ್ನಡವನ್ನು ಅಲ್ಲೇ, ಕೆಮ್ಮುವವರ ಬಾಯಿಂದ ಕಲಿತಳು. ಮಾತು ಶಹಾಪುರದವರ ಹಂಗೇ ಆಡುತ್ತಾಳೆ, ಅಕ್ಷರ ಓದಲು ಬರುವುದಿಲ್ಲ. ತಮ್ಮ ತೀರಿಕೊಂಡು ನಾಲ್ಕು ವರ್ಷ. ಮಗಳು ಹುಣಸಗಿಯಲ್ಲಿ, ಆಗ ತಾನೇ ಬಾಣಂತಿ. ನನ್ನಾಕಿಯೂ ತೀರಿಕೊಂಡು ಆರು ವರ್ಷ. ಹೀಗಾಗಿ ಆಸ್ಪತ್ರೆಗೆ ಜೊತೆ ಹೋಗಲು ಉಳಿದವನು ನಾನೊಬ್ಬನೇ.

ನಮ್ಮ ಕಡೆಯ ರಿವಾಜು ಗೊತ್ತಿಲ್ಲದವರಿಗಾಗಿ ಒಂದು ಮಾತು. ತಮ್ಮನ ಹೆಂಡತಿಯ ಮೈಯ ಸಂಗತಿಯನ್ನು ಭಾವನಾದವನು ಕೇಳುವಂತಿಲ್ಲ. ಆಕೆ ಭಾವನ ಎದುರು ತಲೆ ಮೇಲೆ ಸೆರಗು ಹೊದೆಯಬೇಕು, ಭಾವ ಹೊಸ್ತಿಲ ಆಚೆಯಿಂದ ಕೆಮ್ಮಿ ಒಳಗೆ ಬರಬೇಕು. ಎಲ್ಲಿಂದಲೋ ಬಂದ ಆಕೆ ಇದನ್ನು ನಮ್ಮ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಕಲಿತಿದ್ದಳು. ಅದರಲ್ಲೂ ರೋಗ ಬಂದದ್ದು ಎದೆಗೆ. ಆ ಶಬ್ದವನ್ನು ನಾನು ಇವತ್ತಿನವರೆಗೂ ಆಕೆಯ ಮುಂದೆ ಆಡಿಲ್ಲ. ಡಾಕ್ಟರಮ್ಮ ಆಡಿದಾಗ ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಸುರಪುರದಿಂದ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದೆ. "ಆರಾಮ?" "ಆರಾಮ್ರಿ." ಮುಗಿಯಿತು. ನಮ್ಮಲ್ಲಿ ಹೆಣದ ಮುಂದೆ ಕೂತವರೂ ಆರಾಮ ಅಂತಲೇ ಹೇಳುತ್ತಾರೆ.

ಇನ್ನು ಆಸ್ಪತ್ರೆ. ಅದರ ಹೆಸರು ಬರೆಯುವುದಿಲ್ಲ, ರೈಲು ಹತ್ತಿ ಹೋಗಬೇಕಾದ ದೊಡ್ಡ ಊರಿನ ಖಾಸಗಿ ಆಸ್ಪತ್ರೆ ಎಂದರೆ ಸಾಕು. ಅಲ್ಲಿ ಕೀಮೊ ಕೊಡುವ ವಾರ್ಡಿನ ಪಕ್ಕದಲ್ಲೇ ಒಂದು ಸಮಗ್ರ ಚಿಕಿತ್ಸಾ ವಿಭಾಗ. ಬಾಗಿಲಿಗೆ ಮಾವಿನ ತೋರಣ, ಒಳಗೆ ಸಣ್ಣಗೆ ಕೊಳಲಿನ ನಾದ. ಔಷಧದ ಜೊತೆಗೆ ಪ್ರಾಣಾಯಾಮ, ಅಂಗಾಲಿಗೆ ಎಳ್ಳೆಣ್ಣೆ, ಶುಂಠಿ ಕಷಾಯ, ಮನಸ್ಸಿಗೆ ಸಮಾಧಾನದ ಮಾತು, ಇವೆಲ್ಲ ಸೇರಿ ರೋಗಿಯ ಜೀವನದ ಗುಣಮಟ್ಟ ಏರುತ್ತದೆ, ನಾವು ಇಡೀ ಮನುಷ್ಯನನ್ನು ನೋಡುತ್ತೇವೆ ಎಂದು ಗೋಡೆಯ ಮೇಲೆ ಬರೆದಿದ್ದರು. ನಾನು ಇದನ್ನು ಹಾಸ್ಯ ಮಾಡುತ್ತಿಲ್ಲ. ಸೂಜಿ ಚುಚ್ಚುವ ಮುಂಚೆ ಉಸಿರು ಎಳೆದು ಬಿಡುವುದನ್ನು ಕಲಿತ ಮೇಲೆ ಆಕೆಯ ಕೈ ನಡುಗುವುದು ಕಡಿಮೆಯಾದದ್ದು ನಾನು ಕಣ್ಣಾರೆ ಕಂಡದ್ದು. ಅಂಗಾಲಿಗೆ ಎಣ್ಣೆ ತಿಕ್ಕುವ ಹೆಂಗಸನ್ನು ಕಂಡರೆ ಆಕೆಯ ಮುಖ ಅರಳುತ್ತಿತ್ತು. ನನ್ನ ಸಿಟ್ಟು ಎಣ್ಣೆಯ ಮೇಲಲ್ಲ.

ಮೊದಲ ದಿನ ಆ ವಿಭಾಗದ ಒಬ್ಬ ಹುಡುಗಿ ಬಹಳ ಉತ್ಸಾಹದಿಂದ ಬಂದಳು. ಫೈಲಿನ ಮೇಲೆ ರಷ್ಯನ್ ಎಂದು ಬರೆದದ್ದು ಕಂಡು, ತನ್ನ ಮೊಬೈಲು ಆಕೆಯ ಮುಖದ ಮುಂದೆ ಹಿಡಿದಳು. ಮೊಬೈಲು ಗಂಭೀರವಾದ ಗಂಡುದನಿಯಲ್ಲಿ ರಷ್ಯನ್ ಮಾತಾಡಿತು. ಆಕೆ ಪೂರ್ತಿ ಕೇಳಿದಳು.

"ಏನಂತೈತ್ರಿ ಅದು?" ಎಂದೆ.

"ಬೆಲೆಯುಳ್ಳ ರೋಗಿಯೇ, ಸ್ವಾಗತ ಅನ್ನಾಕತ್ತೈತಿ" ಎಂದು ನನಗೆ ಹೇಳಿ ಆ ಹುಡುಗಿಯ ಕಡೆ ತಿರುಗಿದಳು. "ಯವ್ವಾ, ಅದನ್ನ ಒಳಗಿಡು. ಕನ್ನಡದಾಗ ಕೇಳು, ನನಗ ತಿಳೀತದ."

ಹುಡುಗಿಗೆ ಸ್ವಲ್ಪ ನಿರಾಸೆಯಾಯಿತು. ಒಂದು ಹಾಳೆ ನನ್ನ ಕೈಗೆ ಕೊಟ್ಟು, "ಅಂಕಲ್, ಇವರಿಗೆ ಓದಾಕ ಬರಂಗಿಲ್ಲಲ್ಲ, ನೀವ ಕೇಳಿ ತುಂಬ್ರಿ. ಜಲ್ದಿ ಆಗ್ಲಿ, ಡಾಕ್ಟರು ಕರೀತಾರ" ಅಂದಳು.

ಹಾಳೆಯಲ್ಲಿ ಏಳು ಸಾಲು. ನೋವು, ವಾಂತಿ, ಬಾಯಿಹುಣ್ಣು, ಕೈಕಾಲು ಜೋಮು, ನಿದ್ದೆ, ಮನಸ್ಸು, ಮನೆಯವರು. ಪ್ರತಿ ಸಾಲಿನ ಮುಂದೆ ಒಂದರಿಂದ ಐದರವರೆಗೆ ಅಂಕಿ. ಮೇಲ್ಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸೂಚನೆ: ಒಂದು ಎಂದರೆ ಏನೂ ತೊಂದರೆಯಿಲ್ಲ, ಐದು ಎಂದರೆ ತಾಳಲಾರದಷ್ಟು ತೊಂದರೆ. ನಾನು ಕನ್ನಡಕ ಏರಿಸಿ ಸೂಚನೆ ಓದಿದೆ. ಮನಸ್ಸಿನಲ್ಲೇ ಓದಿದೆ. ಆಮೇಲೆ ಆಕೆಗೆ, "ಒಂದೊಂದಕ್ಕ ಐದರಾಗ ಎಷ್ಟು ಮಾರ್ಕ್ಸ್ ಅಂತ ಹೇಳಬೇಕಂತ ನೋಡು" ಅಂದೆ.

ಮೂವತ್ತನಾಲ್ಕು ವರ್ಷ ಪ್ರತಿ ಪರೀಕ್ಷೆಯ ಹಾಲಿನಲ್ಲಿ "ಮೊದಲ ಸೂಚನಾ ಓದ್ರಿ" ಎಂದು ಗಂಟಲು ಹರಿದುಕೊಂಡ ಮನುಷ್ಯ ನಾನು.

ಮೊದಲ ಕೀಮೊ ಆಗುವ ಮುಂಚಿನ ಆ ಹಾಳೆಯಲ್ಲಿ ಹೆಚ್ಚೇನಿರಲಿಲ್ಲ. ಹಿಂದಿನ ತಿಂಗಳು ಆಗಿದ್ದ ಆಪರೇಷನ್ನಿನ ನೋವಿಗೆ ಎರಡು, ಮನಸ್ಸಿಗೆ ಎರಡು, ಬೇರೆಯವಕ್ಕೆ ಮೂರು, ನಾಲ್ಕು. ಕೊನೆಯ ಸಾಲಿಗೆ, ಮನೆಯವರು ಎಂದು ಓದಿದಾಗ, ಆಕೆ ಒಂದು ಕ್ಷಣವೂ ತಡೆಯದೆ ಅಂಗೈ ಪೂರ್ತಿ ಬಿಡಿಸಿ ತೋರಿಸಿದಳು. ಐದು.

ನಾನು ಐದು ಬರೆದೆ. ಬರೆಯುವಾಗ ನನ್ನ ಕಿವಿ ಕೆಂಪಾಗಿತ್ತು. ಸುರಪುರದಿಂದ ಶಹಾಪುರಕ್ಕೆ ಬಸ್ಸು, ಶಹಾಪುರದಿಂದ ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು, ಬೆಳಕು ಹರಿಯುವ ಮುಂಚೆ ಎದ್ದು ಇಷ್ಟೆಲ್ಲ ಮಾಡಿ ಬಂದ ಮನುಷ್ಯ ತಾಳಲಾರದಷ್ಟು ತೊಂದರೆ! ಎರಡನೆಯ ಸಲವೂ ಐದು. ಆಗ ಅಲ್ಲಿನ ಸಮಾಧಾನದ ಮಾತಿನ ತಜ್ಞರೊಬ್ಬರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ವಯಸ್ಸಿನಲ್ಲಿ ನನ್ನ ಶಿಷ್ಯರ ಮಕ್ಕಳಷ್ಟಿದ್ದರು.

"ಸರ್, ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಅವರಿಗೆ ಏನರ ಒತ್ತಡ ಐತೇನು? ನೀವು ಜರಾ ದನಿ ಏರಿಸಿ ಮಾತಾಡೂದು, ಹಂಗೇನರ?"

"ನಾ ಆಕಿ ಜೋಡಿ ಮಾತ ಆಡೂದಿಲ್ಲಲ್ರಿ" ಅಂದೆ. ಅದು ಖರೆಯೇ ಆಗಿತ್ತು. ತಜ್ಞರು ಅದನ್ನೂ ಬರೆದುಕೊಂಡರು.

ಅವತ್ತಿನಿಂದ ಮೂರು ವಾರ ನಾನು ಮುನಿಸಿಕೊಂಡೆ. ಫೋನು ಮಾಡುವುದನ್ನೇ ಬಿಟ್ಟೆ. ಆಕೆ ಬಚ್ಚಲ ಕಲ್ಲಿನ ಮೇಲೆ ಮಲಗುತ್ತಿದ್ದ ಆ ಮೂರು ವಾರ, ಅರವತ್ತೆಂಟು ವರ್ಷದ ಈ ಘನ ವಿದ್ವಾಂಸರು ಸುರಪುರದ ಚಹಾದ ಅಂಗಡಿಯಲ್ಲಿ ಕೂತು ತಮಗಾದ ಅವಮಾನವನ್ನು ಮೆಲುಕು ಹಾಕುತ್ತಿದ್ದರು.

ಉಳಿದ ಸಾಲುಗಳಿಗೆ ಎರಡನೆಯ ಸಲ ಏನು ಬಿತ್ತೆಂದು ಹೇಳಬೇಕು. ವಾಂತಿ ಎರಡು, ಬಾಯಿಹುಣ್ಣು ಎರಡು, ಜೋಮು ಎರಡು, ನೋವು ಎರಡು, ಮನಸ್ಸು ಎರಡು. ನಿದ್ದೆಗೆ ಮಾತ್ರ ಮೂರು. ನಿದ್ದೆಗೆ ಕೂಡಲೇ ಗುಳಿಗೆ ಬರೆದರು. ಉಳಿದವುಗಳಿಗೆ ಶಭಾಶ್ ಎಂದರು. ಮೂರನೆಯ ಸಲವೂ ಅದೇ. ನಾನು ಎರಡು, ಎರಡು ಎಂದು ದುಂಡಗೆ ಬರೆಯುತ್ತ ಹೋದೆ. ಪಕ್ಕದಲ್ಲಿ ಆಕೆ ಮಡಿಲಲ್ಲಿ ವಾಂತಿಯ ಡಬ್ಬಿ ಹಿಡಿದು ಕೂತಿದ್ದಳು. ಮೈನಸ್ ಮೂವತ್ತರ ಚಳಿಯಲ್ಲಿ ಬೆಳೆದ ಹೆಂಗಸು, ಇದೆಲ್ಲ ಆಕೆಗೆ ಯಾವ ಲೆಕ್ಕ ಎಂದುಕೊಂಡೆ. ಎರಡನೆಯ ಸಲ ಆದಮೇಲೆ ಚಹಾದ ಅಂಗಡಿಯಲ್ಲಿ ಹಾಗೇ ಹೇಳಿಯೂ ಬಂದಿದ್ದೆ. "ನಮ್ಮ ಮಂದಿ ಆಗಿದ್ರ ಊರು ಕೂಡಿಸ್ತಿದ್ರು. ಆಕಿ ನೋಡ್ರಿ, ಎಲ್ಲಾದಕ್ಕೂ ಎರಡು!" ಅಲ್ಲಿದ್ದವರು ತಲೆದೂಗಿದರು.

ಮೂರನೆಯ ಸಲ ವಿಭಾಗದ ಮುಖ್ಯಸ್ಥರೇ ಬಂದರು. ಹೆಗಲ ಮೇಲೆ ಶಾಲು, ಮುಖದ ಮೇಲೆ ಶಾಂತಿ. ನಮ್ಮನ್ನು ಕರೆದುಕೊಂಡು ಹೋಗಿ ಗೋಡೆಗೆ ಅಂಟಿಸಿದ ಒಂದು ಗ್ರಾಫು ತೋರಿಸಿದರು. ಹತ್ತಾರು ರೋಗಿಗಳ ತೊಂದರೆಯ ಗೆರೆಗಳು. ಎಲ್ಲಕ್ಕಿಂತ ಕೆಳಗೆ ಹಸಿರು ಬಣ್ಣದಲ್ಲಿ ಆಕೆಯದು.

"ಅಮ್ಮಾ, ನೀವು ನಮ್ಮ ವಿಭಾಗದ ಹೆಮ್ಮೆ. ವಿದೇಶದಲ್ಲಿ ಹುಟ್ಟಿದವರು ನಮ್ಮ ಪದ್ಧತಿಯಿಂದ ಇಷ್ಟು ಗುಣ ಕಂಡಿದ್ದೀರಿ. ಮುಂದಿನ ತಿಂಗಳು ಒಂದು ಕಾರ್ಯಕ್ರಮ ಇದೆ. ತಾವು ವೇದಿಕೆಯ ಮೇಲೆ ನಾಲ್ಕು ಮಾತು ಆಡಬೇಕು. ಒಂದು ಸನ್ಮಾನವೂ ಇದೆ."

ಆಕೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ರೈಲು ಸೈದಾಪುರ ದಾಟಿತು, ಕಣ್ಣು ಮುಚ್ಚಿಯೇ ಇದ್ದಳು. ಯಾದಗಿರಿಯಲ್ಲಿ ಇಳಿದು, ಬೆಂಚು ಹಿಡಿದು ಕೂತು, ಆ ಮಾತು ಅಂದಳು.

"ಯಾಕ ಬರೂದಿಲ್ಲ?" ಎಂದೆ.

"ಅಲ್ಲಿ ಮಂದಿಗೆ ನಾಚಿಕಿಲ್ರಿ."

"ಏನ್ ಮಾಡ್ಯಾರ ಅವರು?"

"ಎರಡರ ಮ್ಯಾಲ ಎರಡು ಕೊಟ್ಕೋತ ಬಂದೀನಿ. ನಕ್ಕೋತ ವೆರಿ ಗುಡ್ ಅಂತಾರ. ಇವತ್ತ ಗ್ವಾಡಿಗೆ ಹಚ್ಚ್ಯಾರ! ಎರಡು ತಗೊಂಡು ಸನ್ಮಾನ ಮಾಡೋ ಮಂದಿನ್ನ ನಾ ಎಲ್ಲೂ ನೋಡಿಲ್ಲ."

"ಅಲ್ಲ ತಂಗಿ, ಎರಡು ಅಂದ್ರ ಛಲೋನ ಅಲ್ಲೇನು?"

ಆಕೆ ಸೆರಗು ಹಿಂದೆ ಸರಿಸಿ ನನ್ನ ಮುಖವನ್ನು ನೇರ ನೋಡಿದಳು. ಮೂವತ್ತು ವರ್ಷದಲ್ಲಿ ಅದು ಮೊದಲು. "ಭಾವಾರ, ನೀವು ಮಾಸ್ತರು ಹೌದೋ ಅಲ್ಲೋ? ಐದರಾಗ ಎರಡು ಅಂದ್ರ ಫೇಲು. ಮೂರು ಅಂದ್ರ ಹೆಂಗೋ ನಡೀತದ. ಐದು ಅಂದ್ರ ಎಲ್ಲಾಕಿಂತ ಛಲೋ. ನಮ್ಮ ಸಾಲ್ಯಾಗ ಎರಡು ಬಿದ್ರ, ಅಪ್ಪನ್ನ ಕರ್ಕೊಂಡು ಬಾ ಅಂತ ಬರ್ದು ಕಳಸ್ತಿದ್ವಿ."

"ಮತ್ತ ಒಂದು?"

"ಒಂದು ಯಾರೂ ಕೊಡಂಗಿಲ್ರಿ. ಅಷ್ಟ ಕೆಟ್ಟ ಮನಸ್ಸು ಯಾವ ಮಾಸ್ತರಗೂ ಇರಂಗಿಲ್ಲ."

ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ಮಾರುವವನು ಕೂಗುತ್ತ ಹೋದ. ಕಡೆಗೆ ಕೇಳಿದೆ, "ಹಂಗಾದ್ರ ಮನಿಯವರಿಗೆ ಐದು ಅಂತ ಹೇಳಿದ್ದಿ..."

"ಹೌದ್ರಿ. ಯಾರ ಬರ್ತಾರ ನನ್ನ ಜೋಡಿ? ನೀವ ಬರ್ತೀರಿ." ಆಮೇಲೆ, "ನಡುವ ಮೂರು ವಾರ ಫೋನ್ ಮಾಡಲಿಲ್ಲ. ಬೇಜಾರಾತು. ಆದ್ರೂ ನಾ ನಂಬರ್ ಇಳಸಲಿಲ್ಲ" ಅಂದಳು.

ರಿವಾಜು ಸುಡಲಿ ಎಂದು ಅಲ್ಲೇ, ಆ ಬೆಂಚಿನ ಮೇಲೆ ಕೇಳಿದೆ. ವಾಂತಿ ಎಷ್ಟು, ಎಷ್ಟು ದಿನ, ಏನು ತಿನ್ನುತ್ತೀ, ಕೈ ಹೆಂಗಿದೆ. ಆಕೆ ಶಹಾಪುರದ ಬಸ್ಸು ಎರಡು ಹೋಗುವವರೆಗೂ ಹೇಳಿದಳು. ಮೂರನೆಯ ದಿನದಿಂದ ಏಳನೆಯ ದಿನದವರೆಗೆ ನೀರೂ ನಿಲ್ಲುವುದಿಲ್ಲ. ಬಚ್ಚಲ ಕಲ್ಲು ತಣ್ಣಗಿರುತ್ತದೆಂದು ಅಲ್ಲೇ ಮಲಗುತ್ತಾಳೆ. ಬಾಯೊಳಗೆ ಉಪ್ಪು ತಗಲಿದರೆ ಕೂಗುವಂತಾಗುತ್ತದೆ. ಕುಪ್ಪಸದ ಗುಂಡಿ ಹಾಕಲು ಬೆರಳು ಬರುವುದಿಲ್ಲ, ಪಕ್ಕದ ಮನೆಯಾಕೆ ಬಂದು ಹಾಕಿ ಹೋಗುತ್ತಾಳೆ. ದೋರನಹಳ್ಳಿಯಿಂದ ಯಾರೋ ತಂದ ಬೇರು, ಇನ್ಯಾರೋ ತಂದ ಪುಡಿ, ಎಲ್ಲ ಕಪಾಟಿನಲ್ಲಿವೆ, ಡಾಕ್ಟರಮ್ಮ ಬೇಡ ಅಂದಮೇಲೆ ಒಂದನ್ನೂ ಮುಟ್ಟಿಲ್ಲ. ಮಗಳಿಗೆ ಏನೂ ಹೇಳಿಲ್ಲ, ಆಕೆಯ ಎದೆಹಾಲು ನಿಂತೀತೆಂದು.

"ಇನ್ನೊಂದು ಸರ್ತಿ ಬಾ" ಅಂದೆ. "ಸೂಜಿ ಚುಚ್ಚಿಸ್ಕೊಳ್ಳಾಕ ಅಲ್ಲ. ಜಗಳಾಡಾಕ."

"ಜಗಳಕ್ಕಾದ್ರ ಬರ್ತೀನಿ" ಅಂದಳು.

ಹತ್ತು ದಿನದ ಮೇಲೆ ಹೋದೆವು. ಶಾಲಿನ ಮುಖ್ಯಸ್ಥರು ಸಮಾಧಾನದಿಂದ ಕೇಳಿಸಿಕೊಂಡು, "ಮಾಹಿತಿ ಈಗಾಗಲೇ ದಾಖಲಾಗಿದೆ ಸರ್. ಹಿಂದಿನದನ್ನು ತಿದ್ದಲು ಬರುವುದಿಲ್ಲ. ರೋಗಿಗೆ ತಿಳಿವಳಿಕೆಯ ಕೊರತೆ ಆಗಿದೆ" ಎಂದರು.

ಮೂವತ್ತನಾಲ್ಕು ವರ್ಷ ನನ್ನ ದನಿ ಕೊನೆಯ ಬೆಂಚಿಗೆ ತಲುಪಿದೆ. ಅವತ್ತು ಕಾರಿಡಾರಿನ ಕೊನೆಗೂ ತಲುಪಿತು. "ಕೊರತಿ ರೋಗಿಗಲ್ರಿ, ಬರದವಗ. ಬರದವ ನಾನು. ನನಗ ಬೈರಿ. ಆದ್ರ ಒಂದು ಹೇಳ್ರಿ. ಆಕಿ ನಿಮ್ಮ ಮುಂದ ಡಬ್ಬಿ ಹಿಡ್ಕೊಂಡು ಕುಂತಿದ್ದಳು. ನೀವು ಹಾಳಿ ನೋಡಿದ್ರಿ. ಡಬ್ಬಿ ಯಾಕ ನೋಡಲಿಲ್ಲ? ಇಡೀ ಮನುಷ್ಯಾನ್ನ ನೋಡ್ತೀವಿ ಅಂತ ಗ್ವಾಡಿ ಮ್ಯಾಲ ಬರ್ಕೊಂಡೀರಿ. ಡಬ್ಬಿ ಮನುಷ್ಯಾನ ಕೈಯಾಗ ಇತ್ತಲ್ರಿ!"

ಕೊಳಲಿನ ನಾದ ಮಾತ್ರ ನಿಲ್ಲಲಿಲ್ಲ. ಅವರು ಶಾಲು ಸರಿಮಾಡಿಕೊಂಡು ಒಳಗೆ ಹೋದರು. ಹೋದದ್ದೇ ನೆಟ್ಟಗಾಯಿತು, ಯಾಕೆಂದರೆ ಅದೇ ಪ್ರಶ್ನೆಯನ್ನು ಅವರು ನನಗೂ ಕೇಳಬಹುದಿತ್ತು. ಆ ಡಬ್ಬಿಗೂ ನನಗೂ ಒಂದು ಗೇಣು ಅಂತರ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದು ನಮ್ಮನ್ನು ತಮ್ಮ ಕೋಣೆಗೆ ಕರೆದೊಯ್ದರು. ಆಕೆಯ ಬೆರಳು ಒತ್ತಿ ನೋಡಿದರು, ಬಾಯಿ ತೆಗೆಸಿ ಬ್ಯಾಟರಿ ಹಿಡಿದು ನೋಡಿದರು. ಮುಖ ಸಣ್ಣದಾಯಿತು. "ಮೊದಲೇ ಹೇಳಬೇಕಿತ್ತಲ್ಲಮ್ಮಾ."

"ಹೇಳೀನ್ರಿ. ಪ್ರತಿ ಸರ್ತಿ ಹೇಳೀನಿ."

ಡಾಕ್ಟರಮ್ಮ ಬ್ಯಾಟರಿ ಕೆಳಗಿಟ್ಟು, ತಮ್ಮ ಮೇಜಿಗೆ ಹಾಳೆ ಬರುವುದಿಲ್ಲ, ಬರೀ ಬಣ್ಣ ಬರುತ್ತದೆ, ಆಕೆಯದು ಹಸಿರಿತ್ತು ಎಂದರು. ತಪ್ಪು ಒಪ್ಪಿಕೊಂಡವರ ದನಿ ಅದು. ಅವರ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಔಷಧದ ಪ್ರಮಾಣ ಇಳಿಸಬಹುದು, ವಾಂತಿಗೆ ಬೇರೆ ಗುಳಿಗೆ ಇದೆ, ಬಾಯಿಗೆ ಮುಕ್ಕಳಿಸುವ ನೀರಿದೆ, ಇಷ್ಟು ದಿನ ಇದನ್ನೆಲ್ಲ ಕೊಡಬಹುದಿತ್ತು ಎಂದರು. ನಾಲ್ಕನೆಯದನ್ನು ಒಂದು ವಾರಕ್ಕಿಂತ ಹೆಚ್ಚು ಮುಂದೂಡಬಾರದು ಎಂದೂ ಹೇಳಿದರು.

"ವಿಚಾರ ಮಾಡ್ತೀನಿ" ಎಂದಳು ನನ್ನ ತಮ್ಮನ ಹೆಂಡತಿ.

ವಿಚಾರ! ನನಗೆ ಅಲ್ಲೇ ಕೂಗಬೇಕೆನ್ನಿಸಿತು. ಬಾ ಎಂದರೆ ಬರಬೇಕು, ಕೂಡು ಎಂದರೆ ಕೂಡಬೇಕು, ನಾನು ಕಲಿಸಿದ್ದು ಹಾಗೆ. ಆದರೆ ಬಚ್ಚಲ ಕಲ್ಲಿನ ಮೇಲೆ ಮಲಗಬೇಕಾದವಳು ಆಕೆ. ನಾನು ಹಲ್ಲು ಕಚ್ಚಿಕೊಂಡು ದಿನಾ ಸುರಪುರದಿಂದ ಶಹಾಪುರಕ್ಕೆ ಬಸ್ಸು ಹತ್ತಿದೆ. ಪಡಸಾಲೆಯಲ್ಲಿ ಕೂತು ಗೋಡೆಗೆ ಕೇಳುವವನಂತೆ "ಇವತ್ತ ಬಾಯಿ ಹೆಂಗೈತಿ?" ಎಂದು ಕೇಳುತ್ತಿದ್ದೆ. ಒಳಗಿನಿಂದ ಆಕೆ ಖರೆಖರೆ ಹೇಳುತ್ತಿದ್ದಳು. ತಣ್ಣಗಿನ ಜೋಳದ ನುಚ್ಚಿಗೆ ಉಪ್ಪಿಲ್ಲದ ಮಜ್ಜಿಗೆ ಕಲಸಿದರೆ ಇಳಿಯುತ್ತದೆ ಎಂದು ಗೊತ್ತಾದದ್ದು ಹಾಗೆ. ಅವರ ಊರಲ್ಲೂ ಜ್ವರ ಬಂದವರಿಗೆ ಇಂಥದ್ದೇ ಏನೋ ಕೊಡುತ್ತಿದ್ದರಂತೆ. ಮಗಳಿಗೆ ಫೋನು ಮಾಡಿ ಎಲ್ಲ ಹೇಳು ಎಂದೆ. ಹೇಳಿದಳು. ಮಗಳು ಅತ್ತಳು. ಹಾಲೇನೂ ನಿಲ್ಲಲಿಲ್ಲ.

ಐದನೆಯ ದಿನ ನಾನು ಕೂತಿದ್ದಾಗ ಆಸ್ಪತ್ರೆಯ ಆ ಹುಡುಗಿಯ ಫೋನು ಬಂತು. ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು. ಅಷ್ಟೆಲ್ಲ ಆದ ಮೇಲೆ! ನಾನು ಫೋನು ಕಸಿದುಕೊಳ್ಳಲು ಎದ್ದೆ. ಆಕೆ ಕೈ ಅಡ್ಡ ಹಿಡಿದಳು.

"ಹೆಸರು ಹಾಕಬ್ಯಾಡವ್ವಾ. ನಾ ಸೋಮವಾರ ಸೂಜಿಗೆ ಬರಾಕತ್ತೀನಿ, ಡಾಕ್ಟರಮ್ಮಗ ಹೇಳು. ಹಾಳಿ ಗೀಳಿ ತರಬ್ಯಾಡ. ಎದುರಿಗೆ ಕುಂತು ಬಾಯಿಲೆ ಕೇಳ್ರಿ, ನಾ ಬಾಯಿಲೆ ಹೇಳ್ತೀನಿ."

ಸೋಮವಾರ ಹೋದೆವು. ಡಾಕ್ಟರಮ್ಮ ಎದುರಿಗೆ ಕೂತು ಕೇಳಿದರು. ಕಾರ್ಯಕ್ರಮ ಬೇರೆ ಯಾರದೋ ಸನ್ಮಾನದೊಂದಿಗೆ ವಿಜೃಂಭಣೆಯಿಂದ ನಡೆಯಿತೆಂದು ಆಮೇಲೆ ತಿಳಿಯಿತು. ಆ ಯಾರೋ ಪಾಪ ಯಾವ ಲೆಕ್ಕದಲ್ಲಿ ನಂಬರು ಕೊಟ್ಟಿದ್ದರೋ, ಅವರ ಹಾಳೆ ಯಾರು ತುಂಬಿದ್ದರೋ ಎಂದು ನೆನೆಸಿಕೊಂಡರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಸೂಜಿಯಾದ ಮೂರನೆಯ ದಿನ, ಅಂದರೆ ಎಲ್ಲಕ್ಕಿಂತ ಕೆಟ್ಟ ದಿನ, ನಾನು ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಪೇಪರು ಹಿಡಿದು ಒಂದೇ ಸಾಲನ್ನು ಓದುತ್ತಿದ್ದೆ. ಹನ್ನೊಂದರ ಹೊತ್ತಿಗೆ ಆಕೆ ನುಚ್ಚಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದು ನಿಂತಳು. ಮುಖ ಬಿಳಿಚಿತ್ತು.

"ಎರಡು ಸಲ ವಾಂತಿ ಆತ್ರಿ. ಹೋದ ಸರ್ತಿ ಎಣಸಾಕ ಆಗಿದ್ದಿಲ್ಲ" ಅಂದಳು. ಒಂದು ಚಮಚ ಬಾಯಿಗಿಟ್ಟು, ನಿಧಾನ ನುಂಗಿ, "ಐದನೇದು ಯಾವತ್ತ ಅಂದ್ರು?"

ತಾರೀಕು ಹೇಳಿದೆ.

"ಗಾಡಿಗೆ ಸೀಟು ಹಿಡೀರಿ ಮತ್ತ. ಈ ಸರ್ತಿ ಕಿಟಕಿ ಬಾಜೂ ನಾ ಕೂಡ್ತೀನಿ. ನೀವು ಕುಂತ್ರ ನಿದ್ದಿ ಮಾಡ್ತೀರಿ, ಪರದಾ ಬ್ಯಾರೆ ಎಳ್ಕೋತೀರಿ."